ನಡುಹಗಲಿನ ಬೀಗ

“ನಮ್ಮ ಉದ್ಯಾನದಲ್ಲಿ ನಡುಹಗಲು ಒಂದು ನರಪಿಳ್ಳೆಯೂ ಇರುವುದಿಲ್ಲ. ಅಷ್ಟು ಶಿಸ್ತು!”

ನಿವಾಸಿಗಳ ಸಂಘದ ಕಾರ್ಯದರ್ಶಿ ನಗರಸಭೆಯ ತುಂಬಿದ ಸಭಾಂಗಣದಲ್ಲಿ ಎದೆಯುಬ್ಬಿಸಿ ಆಡಿದ ಮಾತು ಇದು. ಹೊಸ ಅಭಿವೃದ್ಧಿ ಮಸೂದೆಯ ಮೇಲೆ ಸಾರ್ವಜನಿಕರ ಅಹವಾಲು ಕೇಳುವ ದಿನ. ಉದ್ಯಾನವನ್ನು ತಾವು ಎಷ್ಟು ಚೊಕ್ಕಟವಾಗಿ ಇಟ್ಟುಕೊಂಡಿದ್ದೇವೆ, ಬೆಳಗಿನ ವಾಯುವಿಹಾರ ಮುಗಿದೊಡನೆ ಹೇಗೆ ಬೀಗ ಜಡಿಯುತ್ತೇವೆ, ಸಂಜೆಯ ವಿಹಾರಕ್ಕೆ ಹೇಗೆ ತೆಗೆಯುತ್ತೇವೆ ಎಂಬುದನ್ನೆಲ್ಲ ಅವರು ಬಣ್ಣಿಸಿದರು. ಹಿಂದಿನ ಸಾಲಿನಲ್ಲಿದ್ದ ಸಂಘದವರು ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಮಸೂದೆ ಮಂಡಿಸಿದ್ದ ವಾರ್ಡಿನ ಸದಸ್ಯ.

“ಕೇಳಿದ್ರಲ್ಲ?” ಎಂದ ಆತ, ಸಭೆಯ ಕಡೆ ತಿರುಗಿ. “ನಾನು ಇಷ್ಟು ದಿನ ಗಂಟಲು ಹರ್ಕೊಂಡಿದ್ದೂ ಇದನ್ನೇ. ಅಲ್ಲಿ ಯಾರೂ ಇರಲ್ಲ.”

ಮಸೂದೆಯ ಸಾರವೂ ಅದೇ. ಹಗಲು ಹೊತ್ತು ಜನರ ಬಳಕೆಯಲ್ಲಿಲ್ಲದ ಸಾರ್ವಜನಿಕ ಜಾಗ ನಿರುಪಯುಕ್ತ. ನಿರುಪಯುಕ್ತ ಜಾಗದಲ್ಲಿ ಅಂಗಡಿಗಳ ಸಂಕೀರ್ಣ ಕಟ್ಟಬಹುದು. ಚಪ್ಪಾಳೆ ನಿಂತ ಮೇಲೆ ಕಾರ್ಯದರ್ಶಿಗೆ ತಮ್ಮ ಮಾತು ತಮಗೇ ಅರ್ಥವಾಯಿತು. ಅಷ್ಟರಲ್ಲಿ ಅದು ಕಡತ ಸೇರಿತ್ತು. ತಪಾಸಣೆಗೆ ಅಧಿಕಾರಿ ಖುದ್ದಾಗಿ ಬರುವುದೆಂದು ನಿರ್ಧಾರವಾಯಿತು. ಯಾವ ಹೊತ್ತಿಗೆ? ನಡುಹಗಲಿಗೆ.

ನರಪಿಳ್ಳೆಯಿಲ್ಲವೆಂದು ಮೆರೆದ ಅದೇ ಬಾಯಿ, ಮರುದಿನವೇ ನರಪಿಳ್ಳೆಗಳನ್ನು ಹುಡುಕಿಕೊಂಡು ಉದ್ಯಾನದ ಹಿಂಬದಿಯ ಕೇರಿಗೆ ಬಂತು.

ಗುಮ್ಮಿ ಆಗ ತಾನೇ ಬೆಳಗಿನ ಪಾಳಿ ಮುಗಿಸಿ ಬಂದು ಹೊಸ್ತಿಲಲ್ಲಿ ಕುಳಿತಿದ್ದಳು. ಬೀದಿ ಗುಡಿಸುವವಳು. ಉದ್ದ ಪೊರಕೆ ಹಿಡಿದು ಹಿಡಿದು ಬಲಗೈಯ ಬೆರಳುಗಳು ನೆಟ್ಟಗಾಗುವುದನ್ನೇ ಮರೆತಿದ್ದವು. ಊಟದ ತುತ್ತನ್ನೂ ಅವು ಪೊರಕೆಯಂತೆಯೇ ಹಿಡಿಯುತ್ತಿದ್ದವು. ಚರಂಡಿಯಿಂದ ಎತ್ತಿದ ಹೂಳಿನ ವಾಸನೆ ಮೈಯಿಂದ ಹೋಗಲು ಎರಡು ಸಲ ಮೀಯಬೇಕು. ಕೇರಿಯಲ್ಲಿ ಒಂದು ಸಲಕ್ಕೇ ನೀರು ಸಾಲದು. ಮಾತು ಕಡಿಮೆ, ಮುಖದಲ್ಲಿ ಏನೂ ತೋರಿಸಿಕೊಳ್ಳುವುದಿಲ್ಲ ಎಂದು ಮದುವೆಯಾಗಿ ಬಂದ ಹೊಸತರಲ್ಲಿ ಓರಗಿತ್ತಿ ಇಟ್ಟ ಹೆಸರು ಗುಮ್ಮಿ. ಗಂಡನಿಗೂ ಈಗ ಬೇರೆ ಹೆಸರು ನೆನಪಿಲ್ಲ.

“ನಮಸ್ಕಾರ ತಾಯಂದಿರೇ!” ಕಾರ್ಯದರ್ಶಿಯವರು ಮೂಗಿನ ಬಳಿ ಕರವಸ್ತ್ರ ಹಿಡಿದೇ ಕೈ ಮುಗಿದರು.

ಒಳಗಿನಿಂದ ಓರಗಿತ್ತಿಯ ದನಿ ತೇಲಿಬಂತು. “ಗುಮ್ಮೀ, ಯಾರು ಸತ್ರೇ?”

“ಯಾರೂ ಇಲ್ಲ ಅಕ್ಕ. ಸಂಘದ ಕಾರ್ಯದರ್ಶಿ ಬಂದಿದ್ದಾರೆ.”

“ಹಾಗಾದ್ರೆ ಯಾರೋ ಸಾಯೋ ಹಾಗಿದ್ದಾರೆ. ಇಲ್ದಿದ್ರೆ ಆ ಕಾಲು ಈ ಕಡೆ ತಿರುಗಲ್ಲ.”

ಮಾತು ಸೊಟ್ಟಗೆ ಬಂತು. ಓರಗಿತ್ತಿಯ ಬಾಯಿಯೇ ಈಗ ಸೊಟ್ಟ. ಕಳೆದ ಬೇಸಿಗೆಯಿಂದ.

ಅದಕ್ಕೆ ಮೊದಲು ಹೀಗಿರಲಿಲ್ಲ. ಕೇರಿಯ ಮನೆಗಳಿಗೆಲ್ಲ ತಗಡಿನ ಮಾಡು. ನಡುಹಗಲು ಅವು ಮನೆಗಳಲ್ಲ, ಒಲೆಯ ಮೇಲಿಟ್ಟ ಬಾಣಲೆಗಳು. ಹಾಗಾಗಿ ಗುಡಿಸುವವರು, ಮೂಟೆ ಹೊರುವವರು, ಮನೆಮನೆಯ ಪಾತ್ರೆ ತೊಳೆಯುವವರು ಎಲ್ಲರೂ ಬೆಳಗಿನ ಹಾಜರಿಗೂ ಮಧ್ಯಾಹ್ನದ ಹಾಜರಿಗೂ ನಡುವಿನ ಬಿಡುವಿನಲ್ಲಿ ಉದ್ಯಾನಕ್ಕೆ ಬರುತ್ತಿದ್ದರು. ಮರದ ಕೆಳಗೆ ಬುತ್ತಿ ಬಿಚ್ಚುತ್ತಿದ್ದರು. ನಲ್ಲಿಯಲ್ಲಿ ಕೈಕಾಲು ತೊಳೆದು ಹುಲ್ಲಿನ ಮೇಲೆ ಒರಗುತ್ತಿದ್ದರು. ಸಂಘ ಹುಟ್ಟಿತು. ಸಂಘಕ್ಕೆ ಶಿಸ್ತು ಹುಟ್ಟಿತು. ಶಿಸ್ತಿಗೆ ಬೀಗ ಹುಟ್ಟಿತು. ಗುಡಿಸುವವರು ಗೇಟಿನ ಹೊರಗೆ ಕಾದ ಕಾಲುದಾರಿಯ ಮೇಲೆ ಕೂತು ಮಧ್ಯಾಹ್ನದ ಹಾಜರಿಗೆ ಕಾಯಬೇಕಾಯಿತು.

ಒಂದು ದಿನ ಅಲ್ಲಿಯೇ ಓರಗಿತ್ತಿ ಕುಸಿದು ಬಿದ್ದಳು. ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು. ಬಾಯಿ ಒಂದು ಬದಿಗೆ ಎಳೆಯಿತು. ಸರಳುಗಳ ಆಚೆ ನಲ್ಲಿ ಕಾಣುತ್ತಿತ್ತು. ಗುಮ್ಮಿ ಗೇಟನ್ನು ಅಲುಗಾಡಿಸಿ ಕೂಗಿದಳು. ಎದುರಿಗಿದ್ದ ಕಾರ್ಯದರ್ಶಿಯವರ ಮನೆಯ ಕೆಲಸದಾಕೆ ಇಣುಕಿ ಹೇಳಿದಳು: “ಕೀಲಿ ಕಾರ್ಯದರ್ಶಿಯವರ ಹತ್ರ. ಅವರು ಮಲಗಿದ್ದಾರೆ. ಎಬ್ಬಿಸಿದ್ರೆ ಬೈತಾರೆ.” ಗೇಟಿನ ಒಳಗಡೆ ಹಕ್ಕಿಗಳಿಗೆಂದು ಸಂಘ ಒಂದು ಕಲ್ಲಿನ ಬಟ್ಟಲು ಇಟ್ಟಿತ್ತು. ಮೇಲೆ ಫಲಕ: ಮೂಕಜೀವಿಗಳಿಗೆ ದಯೆ ತೋರಿ. ಗುಮ್ಮಿ ನೆಲಕ್ಕೆ ಕವುಚಿ ಮಲಗಿ, ಸರಳುಗಳ ನಡುವೆ ತೋಳನ್ನು ಭುಜದವರೆಗೆ ತುರುಕಿದಳು. ಚರ್ಮ ಸುಲಿಯಿತು. ಬೆರಳ ತುದಿ ಬಟ್ಟಲಿಗೆ ಮುಟ್ಟಿತು. ಬೊಗಸೆಯಲ್ಲ, ಅರೆ ಬೊಗಸೆಯೂ ಅಲ್ಲ, ಬೆರಳುಗಳಲ್ಲಿ ನಿಂತಷ್ಟು ನೀರನ್ನು ತಂದು ತಂದು ಓರಗಿತ್ತಿಯ ತುಟಿಗೆ ಹಚ್ಚಿದಳು.

ಕಾರ್ಯದರ್ಶಿಯವರು ಕೊನೆಗೂ ಎದ್ದು ಬಂದರು. ಬಂದವರು ಕೇಳಿದ ಮೊದಲ ಮಾತು: “ಆ ಬಟ್ಟಲಿಗೆ ಕೈ ಹಾಕಿದ್ಯಾರು?”

ಓರಗಿತ್ತಿ ಬದುಕಿದಳು. ಎಡಗೈ ಮತ್ತು ಅರ್ಧ ಬಾಯಿ ಹಿಂದಿರುಗಲಿಲ್ಲ. ಕೆಲಸವೂ ಹಿಂದಿರುಗಲಿಲ್ಲ.

ಅದೇ ಕಾರ್ಯದರ್ಶಿ ಈಗ ಕೇರಿಯ ಮಧ್ಯದಲ್ಲಿ ನಿಂತು ಹಸಿರಿನ ಬಗ್ಗೆ ಮಾತಾಡುತ್ತಿದ್ದರು. ಉದ್ಯಾನ ನಗರದ ಶ್ವಾಸಕೋಶವಂತೆ. ಅದು ಎಲ್ಲರ ಸ್ವತ್ತಂತೆ. ಬಂಡವಾಳಶಾಹಿಗಳ ಕೈಯಿಂದ ಅದನ್ನು ಉಳಿಸಬೇಕಂತೆ. ಎಲ್ಲರ ಸ್ವತ್ತು ಎಂಬ ಮಾತನ್ನು ಅವರು ಮೂರು ಬಗೆಯಲ್ಲಿ ಹೇಳಿದರು. ಕೇಳಿದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ತಪಾಸಣೆ ದಿನ ನೀವೆಲ್ಲ ಮಧ್ಯಾಹ್ನ ಬಂದು ಕೂತ್ಕೊಂಡ್ರೆ ಸಾಕು. ದಿನಾ ಬರೋ ಹಾಗೆ. ಸಹಜವಾಗಿ.”

“ಸಹಜವಾಗಿ ಅಂದ್ರೆ?” ಗುಮ್ಮಿ ಕೇಳಿದಳು.

“ನಾವು ಕಲಿಸಿ ಕೊಡ್ತೀವಮ್ಮ.”

ಕಲಿಸಿಯೂ ಕೊಟ್ಟರು. ತಪಾಸಣೆಯ ಹಿಂದಿನ ದಿನ ವಿಹಾರ ಮುಗಿದ ಮೇಲೆ ಗೇಟು ತೆರೆದೇ ಉಳಿಯಿತು. ಕೇರಿಯ ಹೆಂಗಸರನ್ನು ಹುಲ್ಲಿನ ಮೇಲೆ ಸಾಲಾಗಿ ನಿಲ್ಲಿಸಲಾಯಿತು. ಚಪ್ಪಲಿ ಬಿಚ್ಚಿ ಎಂದರು. ಬಿಚ್ಚಿದ ಪಾದಗಳನ್ನು ನೋಡಿ, ಹಾಕಿಕೊಳ್ಳಿ ಎಂದರು. ಬಿಳಿಯ ಮೇಲಂಗಿಗಳನ್ನು ಹಂಚಿದರು. ಎದೆಯ ಮೇಲೆ ಹಸಿರು ಅಕ್ಷರದಲ್ಲಿ ‘ಉದ್ಯಾನವೇ ನನ್ನ ಉಸಿರು’ ಎಂದು ಅಚ್ಚಾಗಿತ್ತು.

ನಗೆಕೂಟದ ಮೇಡಂ ಮುಂದೆ ಬಂದರು. ದಿನವೂ ಬೆಳಿಗ್ಗೆ ಸಂಘದವರಿಗೆ ಆರೋಗ್ಯಕ್ಕಾಗಿ ನಗುವುದನ್ನು ಕಲಿಸುವವರು. “ಅಧಿಕಾರಿ ಬರೋ ಹೊತ್ತಿಗೆ ನಾವೆಲ್ಲ ನಗ್ತಾ ಇರ್ಬೇಕು. ಖುಷಿಯಾಗಿರೋ ಜನ ಅಂತ ಗೊತ್ತಾಗ್ಬೇಕು. ನನ್ನ ನೋಡಿ. ಹೊಟ್ಟೆಯಿಂದ! ಹ್ಹ ಹ್ಹ ಹ್ಹ! ಹೊ ಹೊ ಹೊ!”

ಹೆಂಗಸರು ನೋಡಿದರು.

“ಕೈ ಮೇಲಕ್ಕೆ! ಹ್ಹ ಹ್ಹ ಹ್ಹ!”

ಕೈಗಳು ಮೇಲೆ ಹೋದವು. ನಗು ಬರಲಿಲ್ಲ. ಬೆಳಗಿನ ಜಾವದಿಂದ ಗುಡಿಸಿದ ಕೈಗಳು ಮೇಲೆತ್ತಿದ ಕೂಡಲೇ ಭುಜದಲ್ಲಿ ಕಳಕ್ಕೆಂದವು. ಆಗ ಗೇಟಿನ ಬಳಿಯಿಂದ ಒಂದು ನಗು ಕೇಳಿಸಿತು. ಹೊಟ್ಟೆಯಿಂದಲೇ ಬಂದ ಅಪ್ಪಟ ನಗು. ಓರಗಿತ್ತಿ ಕಂಬಕ್ಕೆ ಒರಗಿ, ಸರಿಯಿದ್ದ ಕೈಯಿಂದ ಪಕ್ಕೆ ಹಿಡಿದುಕೊಂಡು, ಕಣ್ಣೀರು ಒರೆಸಿಕೊಳ್ಳುತ್ತ ನಗುತ್ತಿದ್ದಳು.

“ನಿಲ್ಲಿಸ್ಬೇಡಿ ಮೇಡಮ್ಮೋರೇ! ಇನ್ನೊಂದ್ಸಲ ಹೊ ಹೊ ಅನ್ನಿ!”

ಕಾರ್ಯದರ್ಶಿ ಗುಮ್ಮಿಯನ್ನು ಪಕ್ಕಕ್ಕೆ ಕರೆದರು. ದನಿ ತಗ್ಗಿಸಿದರು. “ನಾಳೆ ಆಕೆಯನ್ನ ಕರ್ಕೊಂಡು ಬರ್ಬೇಡ. ಫೋಟೋ ತೆಗೀತಾರೆ. ಆ ಬಾಯಿ... ನೋಡೋಕೆ ಚೆನ್ನಾಗಿರಲ್ಲ.”

ಗುಮ್ಮಿಯ ಮುಖದಲ್ಲಿ ಏನೂ ಕಾಣಲಿಲ್ಲ. ಕಾರ್ಯದರ್ಶಿ ಅದನ್ನು ಒಪ್ಪಿಗೆ ಎಂದುಕೊಂಡರು. ಅಷ್ಟೇ ಅಲ್ಲ, ಇಂಥವಳೇ ತಮಗೆ ಬೇಕಾದವಳು ಎಂದೂ ಅವರಿಗೆ ಅನ್ನಿಸಿತು. ವಾಚಾಳಿಗಳನ್ನು ನಂಬುವಂತಿಲ್ಲ. ಬಾಯಿ ಸತ್ತವಳು ಹೇಳಿದಷ್ಟು ಹೇಳುತ್ತಾಳೆ.

“ಅಧಿಕಾರಿ ಪ್ರಶ್ನೆ ಕೇಳಿದ್ರೆ ನೀನೇ ಉತ್ತರ ಕೊಡು. ‘ದಿನಾ ಬರ್ತೀನಿ.’ ಅಷ್ಟೇ ಸಾಕು. ಎಲ್ಲಿ, ಹೇಳು ನೋಡೋಣ.”

“ತಪಾಸಣೆ ಆದ ಮೇಲೆ ಬೀಗ ಹಾಕ್ತೀರಾ?”

“ಅದನ್ನ ಸಂಘದಲ್ಲಿ ಚರ್ಚೆ ಮಾಡೋಣ. ಭದ್ರತೆಯ ಪ್ರಶ್ನೆ ಇದೆಯಲ್ಲ.”

“ಯಾರ ಭದ್ರತೆ?”

“ಎಲ್ಲರದೂ ಅಮ್ಮ. ನಿಮ್ಮದೂ.”

ಗುಮ್ಮಿ ಮೇಲಂಗಿಯನ್ನು ಮಡಚಿ ಕಂಕುಳಲ್ಲಿ ಇರುಕಿಕೊಂಡು ಮನೆಗೆ ನಡೆದಳು.

ಆ ಸಂಜೆ ಕೇರಿ ಎರಡು ಹೋಳಾಯಿತು. ಕೆಲವರು, ಹೋಗಿ ಕೂತು ಬರೋಣ, ಒಂದು ದಿನವಾದರೂ ನೆರಳು ಸಿಗುತ್ತದೆ ಎಂದರು. ಕೆಲವರು, ಸಂಕೀರ್ಣ ಬಂದರೆ ಕೆಲಸ ಸಿಗುತ್ತದೆ ಎಂದರು. ಓರಗಿತ್ತಿಗೆ ಇವೆರಡೂ ಬೇಡ. ಅವಳಿಗೆ ಬೇಕಾಗಿದ್ದದ್ದು ಸೇಡು.

“ಬೀಳಲಿ ಕಣೇ. ಮರ, ಬೆಂಚು, ಗೇಟು, ಎಲ್ಲಾ ಬೀಳಲಿ. ಯಂತ್ರ ಬಂದ ದಿನ ನಾನು ಕುರ್ಚಿ ಹಾಕ್ಕೊಂಡು ನೋಡ್ತೀನಿ. ಆ ಮನುಷ್ಯನ ಮುಖ ನನ್ನ ಬಾಯಿಗಿಂತ ಸೊಟ್ಟ ಆಗ್ಬೇಕು.”

“ನೆರಳು ಅವನಪ್ಪಂದಲ್ಲ ಅಕ್ಕ.”

“ನಿನ್ನಪ್ಪಂದೂ ಅಲ್ಲ. ನಿಂಗೆ ಸಿಕ್ಕಿದ್ಯಾವಾಗ?”

“ಸಿಗ್ತಿತ್ತು. ಕಿತ್ಕೊಂಡ್ರು.”

“ಹೂಂ. ಈಗ ಕಿತ್ಕೊಂಡೋನಿಗೆ ಹೋಗಿ ಸಾಕ್ಷಿ ಹೇಳು. ‘ದಿನಾ ಬರ್ತೀನಿ ಸಾಹೇಬ್ರೇ, ಬಂದು ಹೊ ಹೊ ಅಂತೀನಿ.’ ನಾಳಿದ್ದಿಂದ ಮತ್ತೆ ಹೊರಗೆ ಬೇಯಿ. ಮುಂದಿನ ಸಲ ಬೀಳೋಳು ನೀನೇ.”

ಅದರಲ್ಲಿ ಸುಳ್ಳಿರಲಿಲ್ಲ. ಗುಮ್ಮಿ ಎರಡನ್ನೂ ತೂಗಿ ನೋಡಿದಳು. ದಿನಾ ಬರುತ್ತೇನೆ ಎಂದರೆ ಉದ್ಯಾನ ಉಳಿಯುತ್ತದೆ, ಬೀಗವೂ ಉಳಿಯುತ್ತದೆ. ಬರುವುದಿಲ್ಲ ಎಂದರೆ ಬೀಗ ಹೋಗುತ್ತದೆ, ಜೊತೆಗೆ ಉದ್ಯಾನವೂ. ಎರಡರಲ್ಲಿ ಯಾವುದನ್ನು ಹೇಳಿದರೂ ಗುಡಿಸುವವಳಿಗೆ ಉಳಿಯುವುದು ಕಾದ ಕಾಲುದಾರಿ.

“ನಾಳೆ ನೀನೂ ಬರ್ತಿದ್ದೀಯ,” ಎಂದಳು ಗುಮ್ಮಿ.

“ನನ್ನನ್ನ ಬರ್ಬೇಡ ಅಂದಿದ್ದಾನಲ್ಲ. ನಾನೇನು ಕಿವುಡಿಯಾ?”

“ಅದಕ್ಕೇ.”

“ಹೋಗಿ ಏನು ಹೇಳ್ತೀಯೇ?”

ಗುಮ್ಮಿ ಮೇಲಂಗಿಯನ್ನು ಮೂಲೆಗೆ ಎಸೆದು, ಕೇರಿಯ ಉಳಿದ ಹೆಂಗಸರೊಡನೆ ಮಾತಾಡಲು ಮನೆಮನೆಗೆ ಹೊರಟಳು. ಹೆಸರಿಟ್ಟವಳು ತಾನೇ ಆದ್ದರಿಂದ ಓರಗಿತ್ತಿ ಮತ್ತೆ ಕೇಳಲಿಲ್ಲ.

ಮರುದಿನ ನಡುಹಗಲು ಸಂಘದವರು ಗೇಟಿನ ಬಳಿ ತುದಿಗಾಲಿನಲ್ಲಿ ನಿಂತಿದ್ದರು. ಆ ಹೊತ್ತಿನ ಬಿಸಿಲನ್ನು ಅವರಲ್ಲಿ ಹಲವರು ಕಿಟಕಿಯ ಪರದೆಯ ಈಚೆಯಿಂದ ಮಾತ್ರ ಕಂಡಿದ್ದರು. ಒಬ್ಬರಿಗೆ ತಲೆ ಸುತ್ತಿತು. ತಕ್ಷಣ ಕುರ್ಚಿ ಬಂತು, ನೀರು ಬಂತು, ಗಾಳಿ ಬೀಸಲು ಇಬ್ಬರು ಬಂದರು.

ಕೇರಿಯ ಹೆಂಗಸರು ಕಾಣಿಸಿಕೊಂಡಾಗ ಕಾರ್ಯದರ್ಶಿಯವರ ಮುಖದ ಬಣ್ಣ ಇಳಿಯಿತು. ಒಬ್ಬಳ ಮೈಮೇಲೂ ಬಿಳಿಯ ಅಂಗಿ ಇರಲಿಲ್ಲ. ಕೆಲಸದ ಬಟ್ಟೆಯಲ್ಲೇ ಬಂದಿದ್ದರು. ಕಾಲಲ್ಲಿ ಚರಂಡಿ ಕೆಲಸದ ಬೂಟು, ಮೊಣಕಾಲಿನವರೆಗೆ ಹೂಳು, ತಲೆಯ ತುಂಬ ಬೀದಿಯ ಧೂಳು, ಕೈಯಲ್ಲಿ ಬುತ್ತಿ. ಎಲ್ಲರ ಮುಂದೆ ಗುಮ್ಮಿ. ಗುಮ್ಮಿಯ ತೋಳು ಹಿಡಿದು ಕಾಲೆಳೆಯುತ್ತ ಓರಗಿತ್ತಿ.

“ಇದೇನು ವೇಷ? ಅಂಗಿ ಎಲ್ಲಿ? ಈಕೆಯನ್ನ ಯಾಕೆ...”

“ಸಹಜವಾಗಿ ಬನ್ನಿ ಅಂದ್ರಲ್ಲ,” ಎಂದಳು ಓರಗಿತ್ತಿ. “ಇದು ಸಹಜ.”

ಬೈಯಲು ಸಮಯವಿರಲಿಲ್ಲ. ಕಾರು ಬಂದು ನಿಂತಿತು. ಇಳಿದವರು ಕೊಡೆ ಹಿಡಿದ, ದಣಿದ ಮುಖದ ಒಬ್ಬ ಅಧಿಕಾರಿಣಿ, ಬರೆದುಕೊಳ್ಳಲು ಒಬ್ಬ ಗುಮಾಸ್ತ. ಅವರ ಬೆನ್ನಿಗೇ ಹಲ್ಲು ಕಿರಿಯುತ್ತ ವಾರ್ಡಿನ ಸದಸ್ಯ.

ನಗೆಕೂಟದ ಮೇಡಂ ಕರ್ತವ್ಯ ಮರೆಯಲಿಲ್ಲ. ಎರಡೂ ಕೈ ಆಕಾಶಕ್ಕೆತ್ತಿ ಶುರುವಿಟ್ಟರು. “ಹ್ಹ ಹ್ಹ ಹ್ಹ! ಹೊ ಹೊ ಹೊ!” ಇನ್ನೊಬ್ಬರು ಜೊತೆಗೂಡುತ್ತಾರೆಂದು ಕಾದರು. ಯಾರೂ ಕೂಡಲಿಲ್ಲ. ಒಂಟಿ ನಗು ಮರದಿಂದ ಮರಕ್ಕೆ ಬಡಿದು ಬಿತ್ತು.

“ಇವರಿಗೆ ಏನಾಗಿದೆ?” ಅಧಿಕಾರಿಣಿ ಕೇಳಿದರು.

“ಸಂತೋಷ ಆಗಿದೆ ಮೇಡಂ,” ಎಂದರು ಕಾರ್ಯದರ್ಶಿ.

ಸದಸ್ಯ ಮುಂದೆ ಬಂದ. “ಮೇಡಂ, ಇದೆಲ್ಲ ನಾಟಕ. ಈ ಹೆಂಗಸರನ್ನ ಇವತ್ತಿಗೆ ಅಂತ ಕರ್ಕೊಂಡು ಬಂದಿದ್ದಾರೆ. ಬೇಕಾದ್ರೆ ಕೇಳಿ.” ಆತನ ಜನ್ಮದಲ್ಲಿ ನಿಜ ಹೇಳಿದ ಅಪರೂಪದ ಗಳಿಗೆ ಅದು.

ಅಧಿಕಾರಿಣಿಯ ಕಣ್ಣು ಸಾಲಿನ ಮೇಲೆ ಹಾಯಿತು. ಕಾರ್ಯದರ್ಶಿ ಗುಮ್ಮಿಯನ್ನು ಮೆಲ್ಲನೆ ಮುಂದಕ್ಕೆ ದೂಡಿದರು.

“ಏನಮ್ಮ, ದಿನಾ ಈ ಹೊತ್ತಿಗೆ ಇಲ್ಲಿಗೆ ಬರ್ತೀಯಾ?”

ಗುಮ್ಮಿ ಕಾರ್ಯದರ್ಶಿಯನ್ನು ನೋಡಿದಳು. ಅವರ ತುಟಿಗಳು ಶಬ್ದವಿಲ್ಲದೆ ಉತ್ತರ ಹೇಳಿಕೊಡುತ್ತಿದ್ದವು.

“ಇಲ್ಲ,” ಎಂದಳು ಗುಮ್ಮಿ.

ಸದಸ್ಯನ ಮುಖ ಅರಳಿತು. ಸಂಘದವರಲ್ಲಿ ಯಾರೋ ಅಯ್ಯೋ ಎಂದರು. ಗುಮಾಸ್ತ ಬರೆಯಲು ಬಗ್ಗಿದ.

“ಪೂರ್ತಿ ಕೇಳಿ ಬರ್ಕೊಳ್ಳಿ,” ಎಂದಳು ಗುಮ್ಮಿ. ದನಿ ಏರಲಿಲ್ಲ. “ಬರ್ತಿದ್ವಿ. ನಮ್ಮತ್ತೆ ಕಾಲದಿಂದ ಬರ್ತಿದ್ವಿ. ಇವರು ಬೀಗ ಹಾಕಿದ್ರು. ಇದು ಖಾಲಿ ಇದ್ದ ಜಾಗ ಅಲ್ಲ ಮೇಡಂ. ಖಾಲಿ ಮಾಡಿಸಿದ ಜಾಗ. ಇಕೋ, ಇವಳು ನನ್ನ ಓರಗಿತ್ತಿ. ಆ ಗೇಟಿನ ಹೊರಗೆ ಬಿಸಿಲಲ್ಲಿ ಬಿದ್ಲು. ನಲ್ಲಿ ಒಳಗಿತ್ತು, ನಾವು ಹೊರಗಿದ್ವಿ. ಇವತ್ತು ಇವಳು ಬರ್ಬಾರ್ದು ಅಂದ್ರು. ಬಾಯಿ ಚೆನ್ನಾಗಿ ಕಾಣಲ್ವಂತೆ. ಬಾಯಿ ಹೀಗಾಗಿದ್ದು ಇಲ್ಲೇ.”

ಕೊಡೆ ಸ್ವಲ್ಪ ಓರೆಯಾಯಿತು. ಅಧಿಕಾರಿಣಿ ಓರಗಿತ್ತಿಯನ್ನು ನೋಡಿದರು. ಓರಗಿತ್ತಿ ಮುಖ ತಿರುಗಿಸಲಿಲ್ಲ. ಸೊಟ್ಟ ಬಾಯಿಯನ್ನು ಇನ್ನಷ್ಟು ಮೇಲೆತ್ತಿ ಹಿಡಿದಳು.

ಸದಸ್ಯ ಗಾಳಿ ಬಂದ ಕಡೆ ತೂರಿಕೊಂಡ. “ನೋಡಿದ್ರಾ ಮೇಡಂ, ಎಂಥಾ ಕಲ್ಲು ಹೃದಯ! ನಮ್ಮ ಸಂಕೀರ್ಣದಲ್ಲಿ ಹೀಗಲ್ಲ. ಇವರಿಗೆಲ್ಲ ಬಾಗಿಲು ತೆರೆದಿರುತ್ತೆ.”

“ಒಳಗೆ ಕೂರೋಕಾ, ಒಳಗೆ ಗುಡಿಸೋಕಾ?” ಓರಗಿತ್ತಿ ಕೇಳಿದಳು.

“ಕೆಲಸ ಕೊಡ್ತೀವಮ್ಮ, ಮರ್ಯಾದೆಯ ಕೆಲಸ.”

“ಕೂರೋಕೆ ಏನು ಕೊಡ್ತೀಯಪ್ಪ?”

ಸದಸ್ಯನ ನಗು ಹಾಗೆಯೇ ನಿಂತಿತು. ತೆಗೆಯಲೂ ಬಾರದು, ಇಟ್ಟುಕೊಳ್ಳಲೂ ಬಾರದು.

“ಇವರು ಬೀಗ ಹಾಕ್ತಾರೆ, ಇವನು ಗೋಡೆ ಹಾಕ್ತಾನೆ,” ಎಂದಳು ಗುಮ್ಮಿ. “ನಾವು ಇಬ್ಬರ ಕಡೆಯೋರೂ ಅಲ್ಲ. ನಮಗೆ ಜಾಗ ಬೇಕು. ಬೀಗ ಬೇಡ.”

ಅಧಿಕಾರಿಣಿ ದೇವತೆಯೇನಲ್ಲ. ಬಿಸಿಲು ಅವರನ್ನೂ ಸುಡುತ್ತಿತ್ತು, ಇನ್ನೂ ನಾಲ್ಕು ಕಡೆ ತಪಾಸಣೆ ಬಾಕಿಯಿತ್ತು. ಆದರೆ ಕೆಲಸ ಗೊತ್ತಿದ್ದವರು. ಕಾರ್ಯದರ್ಶಿಯ ಕಡೆ ತಿರುಗಿದರು.

“ನಗರಸಭೆ ಜಾಗಕ್ಕೆ ಬೀಗ ಹಾಕೋಕೆ ನಿಮಗೆ ಆದೇಶ ಇದೆಯಾ?”

“ಶಿಸ್ತಿನ ದೃಷ್ಟಿಯಿಂದ...”

“ಆದೇಶ?”

“ಇಲ್ಲ.”

“ಇನ್ನು ಮೇಲೆ ಹಾಕ್ತೀರಾ?”

ಕಾರ್ಯದರ್ಶಿ ಒಂದು ಬದಿಗೆ ನೋಡಿದರು. ಕೆಲಸದ ಬಟ್ಟೆಯ ಹೆಂಗಸರು. ಇನ್ನೊಂದು ಬದಿಗೆ ನೋಡಿದರು. ಬಾಯಲ್ಲಿ ನೀರೂರಿಸಿಕೊಂಡು ನಿಂತ ಸದಸ್ಯ. ಹಾಕುತ್ತೇನೆ ಎಂದರೆ ಬೆಳಗಿನ ವಿಹಾರ ಅಂಗಡಿಯ ಮೆಟ್ಟಿಲ ಮೇಲೆ. ಅವರ ಇಡೀ ಸಂಘ ಉಸಿರು ಬಿಗಿಹಿಡಿದು ಅವರ ಬಾಯಿಯನ್ನೇ ನೋಡುತ್ತಿತ್ತು.

“ಹಾಕಲ್ಲ,” ಎಂದರು.

“ಬರ್ಕೊಳ್ಳೋರಿಗೆ ಕೇಳಿಸ್ಲಿಲ್ಲ,” ಎಂದಳು ಓರಗಿತ್ತಿ. “ಹೊಟ್ಟೆಯಿಂದ ಹೇಳಿ ಸ್ವಾಮಿ.”

“ಬೀಗ ಹಾಕಲ್ಲ!”

“ಬೀಗ ಬಿದ್ದಿದ್ದ ಜಾಗವನ್ನ ಜನಕ್ಕೆ ಬೇಡವಾದ ಜಾಗ ಅನ್ನೋಕಾಗಲ್ಲ,” ಎಂದರು ಅಧಿಕಾರಿಣಿ. “ಇದನ್ನ ಸದ್ಯಕ್ಕೆ ಮಸೂದೆಯ ಪಟ್ಟಿಯಿಂದ ಕೈಬಿಡ್ತೀನಿ. ಆದ್ರೆ ಇನ್ನೊಂದ್ಸಲ ಬರ್ತೀನಿ. ಹೇಳದೆ ಬರ್ತೀನಿ, ನಡುಹಗಲೇ ಬರ್ತೀನಿ. ಅವತ್ತು ಖಾಲಿ ಕಂಡ್ರೆ ನನ್ನನ್ನ ಕೇಳ್ಬೇಡಿ.”

ಕಾರು ಹೋಯಿತು. ಸದಸ್ಯ ಅದರ ಹಿಂದೆ ಓಡಿದ.

“ಗೆದ್ವಿ!” ಸಂಘದವರು ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಫೋಟೋ ತೆಗೆಯುವ ಏರ್ಪಾಡಾಯಿತು. ಕೇರಿಯ ಹೆಂಗಸರಿಗೆ ಸ್ವಲ್ಪ ಪಕ್ಕಕ್ಕೆ ಸರಿಯಲು ಹೇಳಿದರು. ಅವರು ಸರಿಯಲಿಲ್ಲ. ಇದ್ದಲ್ಲೇ ಕೂತು ಬುತ್ತಿ ಬಿಚ್ಚಿದರು. ಫೋಟೋದಲ್ಲಿ ಸಂಘದವರ ಮುಂದೆ ಬುತ್ತಿಗಳೂ ಹೂಳು ಮೆತ್ತಿದ ಕಾಲುಗಳೂ ಬಿದ್ದವು.

ಹೆಂಗಸರು ಉಂಡು ಕೈ ತೊಳೆದರು. ಕಾರ್ಯದರ್ಶಿ ಕೈಗಡಿಯಾರ ನೋಡಿಕೊಂಡರು. “ಸರಿ, ಆಯ್ತಲ್ಲ. ಇನ್ನು ಹೊರಡಿ.”

“ಬಿಡುವು ಇನ್ನೂ ಮುಗಿದಿಲ್ಲ,” ಎಂದಳು ಗುಮ್ಮಿ. ಓರಗಿತ್ತಿಯನ್ನು ನೆರಳಿನ ದೊಡ್ಡ ಬೆಂಚಿನ ಒಂದು ತುದಿಗೆ ಕೂರಿಸುತ್ತಿದ್ದಳು.

“ಆಯ್ತು, ದಿನಾ ಬನ್ನಿ, ಬೇಡ ಅನ್ನಲ್ಲ. ಬರ್ಲೇಬೇಕು ಬೇರೆ. ಆದ್ರೆ ಒಂದು ವ್ಯವಸ್ಥೆ ಇರಲಿ. ನೀವೆಲ್ಲ ಆ ಹಿಂದಿನ ಮೂಲೆಯಲ್ಲಿ, ಗೊಬ್ಬರದ ಗುಂಡಿ ಪಕ್ಕ ಕೂತ್ಕೊಳ್ಳಿ. ಬೆಂಚುಗಳು ಸಂಘದ ಸದಸ್ಯರು ಹಾಕಿಸಿರೋದು. ಇದಂತೂ ನಮ್ಮ ತಂದೆಯವರ ನೆನಪಿನ ಬೆಂಚು. ನೋಡು, ಹೆಸರು ಕೆತ್ತಿದೆ.”

ಗುಮ್ಮಿ ಓದಲಿಲ್ಲ. ಬೆಂಚಿನ ಮೇಲೆ ಕೂತಳು. ಹೂಳು ಒಣಗಿ ಬಿರುಕು ಬಿಟ್ಟಿದ್ದ ಬೂಟುಗಳನ್ನು ಒಂದೊಂದಾಗಿ ಕಿತ್ತು ಕೆಳಗಿಟ್ಟಳು. ಓರಗಿತ್ತಿಯ ತೊಡೆಯ ಮೇಲೆ ತಲೆಯಿಟ್ಟು, ಕೆತ್ತಿದ ಹೆಸರಿನ ಉದ್ದಕ್ಕೂ ಕಾಲು ಚಾಚಿದಳು. ಬೆನ್ನು ಒಂದೊಂದೇ ಗೆಣ್ಣು ನೆಟ್ಟಗಾಯಿತು. ಓರಗಿತ್ತಿ ಸರಿಯಿದ್ದ ಕೈಯಿಂದ ಅವಳ ಕೂದಲಲ್ಲಿದ್ದ ಧೂಳನ್ನು ಕೊಡವತೊಡಗಿದಳು.

“ನಾನು ಮಾತಾಡ್ತಿದ್ದೀನಿ. ಎದ್ದೇಳು!”

ಹುಲ್ಲಿನ ಮೇಲೆ ಹರಟುತ್ತಿದ್ದ ಹೆಂಗಸರು ಮಾತು ನಿಲ್ಲಿಸಿ ನೋಡಿದರು. ಗುಮ್ಮಿ ಕಣ್ಣು ಮುಚ್ಚಿಯೇ ಇದ್ದಳು.

“ಗಾಳಿ ಬರ್ತಿಲ್ಲ,” ಎಂದಳು. “ಅಡ್ಡ ನಿಂತಿದ್ದೀರಿ. ಅತ್ಲಾಗೆ ಸರೀರಿ.”

ರಸ್ತೆಯಲ್ಲಿ ಯಾವುದೋ ಕಾರು ವೇಗ ತಗ್ಗಿಸಿದ ಸದ್ದಾಯಿತು. ಕಾರ್ಯದರ್ಶಿ ಬೆಚ್ಚಿ ಗೇಟಿನ ಕಡೆ ನೋಡಿದರು. ಆಮೇಲೆ ಮಲಗಿದವಳನ್ನು ನೋಡಿದರು.

ಸರಿದು ನಿಂತರು.